ಕೊಡು-ಕೊಳ್ಳುವುದರ ಆಚೆಗೆ ನಾಣ್ಯಗಳು ಇನ್ನೇನು ಕೆಲಸ ಮಾಡಿವೆ?

ಕುತೂಹಲಿ

ಮಂಗಳ ಗ್ರಹದ ಮೇಲೆ ಒಂದು ಸೆಂಟ್ ನಾಣ್ಯ ಇದೆ. 2012ರಲ್ಲಿ ಅಲ್ಲಿ ಇಳಿದ ನಾಸಾದ ‘ಕ್ಯೂರಿಯಾಸಿಟಿ’ ರೋವರ್‌ಗೆ ಅದನ್ನು ಜೋಡಿಸಿ ಕಳುಹಿಸಿದ್ದಾರೆ. 1909ರ ಸೆಂಟ್, ಲಿಂಕನ್ ಚಿತ್ರ ಹೊತ್ತು ಬಂದ ಮೊದಲ ವರ್ಷದ ನಾಣ್ಯ. ರೋವರ್‌ನ ತೋಳಿನ ಕ್ಯಾಮೆರಾ ಸರಿಯಾಗಿ ನೋಡುತ್ತಿದೆಯೇ ಎಂದು ಪರೀಕ್ಷಿಸುವ ಫಲಕದಲ್ಲಿ ಬಣ್ಣದ ಚೌಕಗಳು, ಅಳತೆಯ ಗೆರೆಗಳ ಜೊತೆಗೆ ಇದಕ್ಕೂ ಜಾಗ ಸಿಕ್ಕಿದೆ. ಭೂವಿಜ್ಞಾನಿಗಳು ಬಂಡೆಯ ಫೋಟೊ ತೆಗೆಯುವಾಗ ಗಾತ್ರ ತಿಳಿಯಲಿ ಎಂದು ಪಕ್ಕದಲ್ಲಿ ಒಂದು ನಾಣ್ಯ ಇಡುತ್ತಾರಲ್ಲ, ಆ ಹಳೆಯ ರೂಢಿಗೆ ಸಲ್ಲಿಸಿದ ಗೌರವವಂತೆ. ಅಲ್ಲಿಂದ ಬಂದ ಚಿತ್ರಗಳಲ್ಲಿ ಲಿಂಕನ್ನರ ಕೆನ್ನೆಯ ಮೇಲೆ ಕೆಂಪು ಧೂಳು ಕುಳಿತಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಅದನ್ನು ನೋಡಿದಾಗಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ವಸ್ತು ಕೊಳ್ಳುವುದು, ಸಾಲ ತೀರಿಸುವುದು ಬಿಟ್ಟು ನಾಣ್ಯಗಳನ್ನು ಮನುಷ್ಯರು ಇನ್ನು ಯಾವ ಯಾವ ಕೆಲಸಕ್ಕೆ ಹಚ್ಚಿದ್ದಾರೆ? ನಿಮಗೆ ಗೊತ್ತಿರುವುದನ್ನು ಬರೆಯಿರಿ. ‘ನನ್ನ ಹತ್ತಿರ ಇಂಥ ನಾಣ್ಯ ಇದೆ, ಎಷ್ಟು ಬೆಲೆ ಬರುತ್ತದೆ’ ಎಂಬ ವಿಚಾರವನ್ನು ಮಾತ್ರ ದಯವಿಟ್ಟು ಇಲ್ಲಿಗೆ ತರಬೇಡಿ.

ತುಂಡುಬೆಳ್ಳಿ

ಮೊದಲಿಗೆ ತೂಕದ ಬಟ್ಟು. 1797ರಲ್ಲಿ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ತನ್ನ ಸೋಹೋ ಟಂಕಸಾಲೆಯಲ್ಲಿ ಹಬೆಯಂತ್ರದಿಂದ ತಾಮ್ರದ ಪೆನ್ನಿಗಳನ್ನು ಅಚ್ಚು ಹಾಕಿದ. ಒಂದು ಪೆನ್ನಿ ಸರಿಯಾಗಿ ಒಂದು ಔನ್ಸ್, ಎರಡು ಪೆನ್ನಿಯ ನಾಣ್ಯ ಸರಿಯಾಗಿ ಎರಡು ಔನ್ಸ್. ದಪ್ಪ ಅಂಚು ಎದ್ದು ನಿಂತಿದ್ದ ಅವುಗಳಿಗೆ ಜನ ‘ಬಂಡಿಚಕ್ರ’ ಎಂದೇ ಹೆಸರಿಟ್ಟರು. ಎರಡು ಪೆನ್ನಿಯದ್ದಂತೂ ಐದು ಮಿಲಿಮೀಟರ್ ದಪ್ಪ. ನಾಲ್ಕು ನಾಣ್ಯ ಜೇಬಿಗೆ ಹಾಕಿದರೆ ಜೇಬು ಜೋತುಬೀಳುತ್ತಿತ್ತು. ಖರ್ಚಿಗೆ ಅನುಕೂಲವಿಲ್ಲದ ಈ ನಾಣ್ಯಗಳು ತಕ್ಕಡಿಯ ತಟ್ಟೆಗೆ ಮಾತ್ರ ಹೇಳಿ ಮಾಡಿಸಿದಂತಿದ್ದವು. ಮನೆಮನೆಗಳಲ್ಲಿ ಅವು ಬಹುಕಾಲ ಬಟ್ಟುಗಳಾಗಿಯೇ ಉಳಿದವು.

ಈಗಲೂ ಅದೇ ಕಥೆ. ಜಪಾನಿನ ಒಂದು ಯೆನ್ ಅಲ್ಯೂಮಿನಿಯಮ್ಮಿನದು, ತೂಕ ಸರಿಯಾಗಿ ಒಂದು ಗ್ರಾಂ, ಅಗಲ 20 ಮಿಲಿಮೀಟರ್. ಅಮೆರಿಕದ ಐದು ಸೆಂಟ್ ನಿಕಲ್ ಐದು ಗ್ರಾಂ. ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಸುಳ್ಳು ಹೇಳುತ್ತಿದೆಯೇ ಎಂದು ನೋಡಲು ಇವೆರಡೂ ಸಾಕು. ಯೆನ್ನಿಗೆ ಇನ್ನೊಂದು ಗುಣವೂ ಉಂಟು: ನೀರಿನ ಮೇಲೆ ಮೆಲ್ಲಗೆ ಮಲಗಿಸಿದರೆ ತೇಲುತ್ತದೆ. ಮೇಲ್ಮೈ ಎಳೆತವನ್ನು ವಿವರಿಸುವ ಶಿಕ್ಷಕರಿಗೆ ಇದಕ್ಕಿಂತ ಸುಲಭದ ಸಲಕರಣೆ ಸಿಗಲಾರದು.

ಮೇಷ್ಟ್ರು

ನೀರಿನ ಮಾತು ಬಂದದ್ದು ಒಳ್ಳೆಯದಾಯಿತು. ನಾಣ್ಯ ಹಾಕಿದರೆ ನೀರು ಕೊಡುವ ಯಂತ್ರ ಈ ಕಾಲದ್ದೆಂದು ಬಹುತೇಕರು ತಿಳಿದಿದ್ದಾರೆ. ಕ್ರಿಸ್ತಶಕ ಒಂದನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಹೀರೋ ಅಂಥ ಒಂದು ಯಂತ್ರವನ್ನು ವಿವರಿಸಿದ್ದಾನೆ. ದೇವಾಲಯದ ಬಾಗಿಲಲ್ಲಿ ಪಾತ್ರೆ. ಅದರ ಬಾಯಿಯಲ್ಲಿ ಸೀಳು. ಐದು ದ್ರಾಕ್ಮಾದ ನಾಣ್ಯ ಹಾಕಿದರೆ ಅದು ಒಳಗೆ ಸನ್ನೆಕೋಲಿನ ತುದಿಯ ತಟ್ಟೆಯ ಮೇಲೆ ಬೀಳುತ್ತದೆ. ಆ ತುದಿ ಕುಸಿಯುತ್ತದೆ, ಇನ್ನೊಂದು ತುದಿ ಮೇಲೆದ್ದು ನೀರಿನ ಬಿರಟೆಯನ್ನು ಎತ್ತುತ್ತದೆ. ತಟ್ಟೆ ವಾಲುತ್ತಾ ವಾಲುತ್ತಾ ನಾಣ್ಯ ಜಾರಿ ಕೆಳಗಿನ ಪೆಟ್ಟಿಗೆಗೆ ಬಿದ್ದ ಕೂಡಲೇ ಬಿರಟೆ ಮುಚ್ಚಿಕೊಳ್ಳುತ್ತದೆ. ಕೈಕಾಲು ತೊಳೆಯುವಷ್ಟು ಪವಿತ್ರ ಜಲ ಸಿಕ್ಕಿರುತ್ತದೆ. ಇಲ್ಲಿ ನಾಣ್ಯ ಬೆಲೆಯೂ ಹೌದು, ಯಂತ್ರವನ್ನು ನಡೆಸುವ ಬಿಡಿಭಾಗವೂ ಹೌದು.

ಸಂದೇಹಿ

ಮೇಷ್ಟ್ರೇ, ಆ ಯಂತ್ರಕ್ಕೆ ಒಂದು ಕಲ್ಲುಚೂರು ಹಾಕಿದರೂ ನೀರು ಬರುತ್ತಿತ್ತಲ್ಲವೇ? ತೂಕ ಇದ್ದರೆ ಸಾಕು ತಾನೆ.

ಮೇಷ್ಟ್ರು

ಬರುತ್ತಿತ್ತು. ದೇವರ ಎದುರಿಗೆ ಮೋಸ ಮಾಡಲಾರರು ಎಂಬ ನಂಬಿಕೆಯೇ ಅದರ ಬೀಗ. ಆ ನಂಬಿಕೆ ಎಷ್ಟು ಗಟ್ಟಿಯಾಗಿತ್ತೋ ಹೀರೋ ಬರೆದಿಲ್ಲ.

ಅಂಚುಗೆರೆ

ಈಗಿನ ಯಂತ್ರಗಳು ದೇವರನ್ನು ನೆಚ್ಚಿಕೊಂಡಿಲ್ಲ ಸಂದೇಹಿ ಅವರೇ. ನಾಣ್ಯ ಇಳಿಜಾರಿನಲ್ಲಿ ಉರುಳಿ ಹೋಗುವ ಕ್ಷಣದಲ್ಲೇ ಅದರ ಅಗಲ, ದಪ್ಪ ಅಳೆಯುತ್ತವೆ. ತಂತಿ ಸುರುಳಿಗಳ ನಡುವೆ ಹಾಯಿಸಿ ಲೋಹದ ವಿದ್ಯುತ್ ಗುಣ ಯಾವ ಬಗೆಯದೆಂದು ನೋಡುತ್ತವೆ. ಒಳಗೊಂದು ಲೋಹ, ಹೊರಗೊಂದು ಲೋಹ ಇರುವ ಎರಡು ಬಣ್ಣದ ನಾಣ್ಯಗಳು ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಖೋಟಾ ಮಾಡುವವನಿಗೆ ಬಣ್ಣ ಹೊಂದಿಸುವುದು ಸುಲಭ, ವಿದ್ಯುತ್ ಗುಣ ಹೊಂದಿಸುವುದು ಕಷ್ಟ.

ಇಲ್ಲೊಂದು ಚೆಂದದ ರೇಖಾಗಣಿತವಿದೆ. ಬ್ರಿಟನ್ನಿನ 50 ಪೆನ್ಸ್ ನಾಣ್ಯ (1969) ಏಳು ಮೂಲೆಯದು. ಮೂಲೆ ಇರುವ ನಾಣ್ಯ ಯಂತ್ರದ ಸೀಳಿನಲ್ಲಿ ಸಿಕ್ಕಿಹಾಕಿಕೊಳ್ಳಬೇಕಲ್ಲವೇ? ಸಿಕ್ಕಿಕೊಳ್ಳುವುದಿಲ್ಲ. ಅದರ ಏಳು ಬದಿಗಳೂ ನೇರ ಗೆರೆಗಳಲ್ಲ, ಪ್ರತಿಯೊಂದೂ ಎದುರಿನ ಮೂಲೆಯನ್ನು ಕೇಂದ್ರವಾಗಿ ಇಟ್ಟುಕೊಂಡು ಎಳೆದ ಕಮಾನು. ಆದ್ದರಿಂದ ಯಾವ ಕಡೆಯಿಂದ ಅಳೆದರೂ ಅಗಲ ಒಂದೇ. ಎರಡು ಪಟ್ಟಿಗಳ ನಡುವೆ ಇಟ್ಟು ಉರುಳಿಸಿ ನೋಡಿ, ಪಟ್ಟಿಗಳ ಅಂತರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಕಣ್ಣು ಕಾಣದವರ ಬೆರಳಿಗೆ ಮೂಲೆ ತಿಳಿಯುತ್ತದೆ, ಯಂತ್ರಕ್ಕೆ ದುಂಡು ನಾಣ್ಯದಂತೆಯೇ ಇರುತ್ತದೆ. 1982ರಲ್ಲಿ 20 ಪೆನ್ಸಿಗೂ ಇದೇ ಆಕಾರ ಕೊಟ್ಟರು. ನಾಣ್ಯ ವಿನ್ಯಾಸದಲ್ಲಿ ನನಗೆ ಇದಕ್ಕಿಂತ ಮೆಚ್ಚುಗೆಯಾದದ್ದು ಬೇರೊಂದಿಲ್ಲ.

ಇನ್ನು ನನ್ನ ಹೆಸರಿಗೆ ಕಾರಣವಾದ ವಿಷಯ. ನಾಣ್ಯದ ಅಂಚಿನ ಸಣ್ಣ ಗೆರೆಗಳು ಅಂದಕ್ಕೆ ಬಂದವಲ್ಲ. ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದ ಬೆಳ್ಳಿ ನಾಣ್ಯಗಳ ಅಂಚು ಎಂದೂ ಸರಿಯಾದ ದುಂಡಗಿರುತ್ತಿರಲಿಲ್ಲ. ಕತ್ತರಿ ಹಿಡಿದವರು ಒಂದೊಂದು ನಾಣ್ಯದಿಂದ ತೆಳುವಾದ ಎಳೆ ತೆಗೆದು, ಕರಗಿಸಿ, ಗಟ್ಟಿ ಬೆಳ್ಳಿ ಮಾಡಿ ಮಾರುತ್ತಿದ್ದರು. ನಾಣ್ಯವನ್ನು ಮುಖಬೆಲೆಗೇ ಮುಂದಿನವನಿಗೆ ದಾಟಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಇದು ರಾಜದ್ರೋಹ, ಶಿಕ್ಷೆ ಮರಣ. ಆದರೂ ನಿಲ್ಲಲಿಲ್ಲ. ಯಂತ್ರದಿಂದ ಅಂಚಿಗೆ ಗೆರೆ ಅಥವಾ ಅಕ್ಷರ ಹಾಕಲು ಶುರು ಮಾಡಿದ ಮೇಲೆ ಕತ್ತರಿಸಿದ್ದು ಒಂದೇ ನೋಟಕ್ಕೆ ಗೊತ್ತಾಗತೊಡಗಿತು.

1696ರಲ್ಲಿ ಹಳೆಯ ನಾಣ್ಯಗಳನ್ನೆಲ್ಲ ವಾಪಸು ಪಡೆದು ಹೊಸದಾಗಿ ಅಚ್ಚು ಹಾಕುವ ದೊಡ್ಡ ಕೆಲಸಕ್ಕೆ ಕೈಹಾಕಿದಾಗ ಟಂಕಸಾಲೆಯ ವಾರ್ಡನ್ ಆಗಿ ಬಂದವರು ಐಸಾಕ್ ನ್ಯೂಟನ್. ಗೌರವದ ಹುದ್ದೆ, ಬಂದು ಸಂಬಳ ತೆಗೆದುಕೊಂಡು ಹೋಗಬಹುದಿತ್ತು. ಆ ಮನುಷ್ಯ ಖೋಟಾ ನಾಣ್ಯದವರ ಬೆನ್ನು ಹತ್ತಿದರು. ಸಾಕ್ಷಿಗಳ ಹೇಳಿಕೆ ಪಡೆದರು, ಮಾಹಿತಿದಾರರನ್ನು ಇಟ್ಟುಕೊಂಡರು. ಟಂಕಸಾಲೆಯವರೇ ಕಳ್ಳರು ಎಂದು ಸಂಸತ್ತಿನ ಮುಂದೆ ದೂರು ಹೇಳಿ, ಅಲ್ಲಿಗೇ ತನ್ನನ್ನು ಸೇರಿಸಿಕೊಳ್ಳಿ ಎಂದು ಕೇಳಿದ ವಿಲಿಯಂ ಚಾಲೋನರ್ ಎಂಬ ಮಹಾ ಖದೀಮ 1699ರ ಮಾರ್ಚ್‌ನಲ್ಲಿ ಗಲ್ಲಿಗೇರಿದ್ದು ನ್ಯೂಟನ್ ಕಲೆಹಾಕಿದ ಸಾಕ್ಷ್ಯದಿಂದ.

ಕುತೂಹಲಿ

ಗೆರೆಗಳು ಬೆಳ್ಳಿ ಉಳಿಸಲು ಎಂದರೆ, ಬೆಳ್ಳಿಯೇ ಇಲ್ಲದ ಈಗಿನ ನಾಣ್ಯಗಳಿಗೆ ಯಾಕೆ?

ಅಂಚುಗೆರೆ

ಬೆರಳಿಗೆ ಗುರುತು ಸಿಗಲು, ಮತ್ತೆ ಅರ್ಧ ಅಭ್ಯಾಸಬಲದಿಂದ. ಅಮೆರಿಕದ ಡೈಮ್ (ಹತ್ತು ಸೆಂಟ್), ಕ್ವಾರ್ಟರ್ (ಇಪ್ಪತ್ತೈದು ಸೆಂಟ್) ಮೊದಲು ಬೆಳ್ಳಿಯವು, ಅವಕ್ಕೆ ಇಂದಿಗೂ ಗೆರೆ ಇದೆ. ತಾಮ್ರದ ಸೆಂಟಿಗೆ, ನಿಕಲ್‌ಗೆ ಗೆರೆ ಇಲ್ಲ. ಕೆತ್ತಿ ಕದಿಯುವಷ್ಟು ಬೆಲೆಯ ಲೋಹ ಅವುಗಳಲ್ಲಿ ಇರಲಿಲ್ಲ.

ಲೋಹಗಾರ

ಕತ್ತರಿ ಹಿಡಿದವರಿಗೆ ಮರಣದಂಡನೆ, ಸರಿ. ರಾಜರೇ ಕದ್ದರೆ? ಎಂಟನೇ ಹೆನ್ರಿ 1540ರ ದಶಕದಲ್ಲಿ ಬೆಳ್ಳಿ ನಾಣ್ಯಗಳಿಗೆ ತಾಮ್ರವನ್ನು ಸುರಿದ. ನಾಣ್ಯದ ಮೇಲೆ ಆತನ ಮುಖ ನೇರವಾಗಿ ನಮ್ಮನ್ನೇ ನೋಡುವಂತೆ ಇತ್ತು. ಹಾಗಿದ್ದರೆ ಎಲ್ಲಕ್ಕಿಂತ ಎತ್ತರದಲ್ಲಿ ಇರುವುದು ಮೂಗು. ಕೈಯಿಂದ ಕೈಗೆ ಓಡಾಡಿ ಮೊದಲು ಸವೆದದ್ದೂ ಮೂಗೇ. ಮೇಲಿನ ಬೆಳ್ಳಿಯ ತೆಳುಪದರ ಹೋಗಿ ಕೆಂಪಗೆ ತಾಮ್ರ ಇಣುಕಿತು. ಜನ ಅವನನ್ನು ‘ತಾಮ್ರಮೂಗಿನ ಮುದುಕ’ ಎಂದರು. ದೊರೆಯ ವಂಚನೆಯನ್ನು ದೊರೆಯ ಮೂಗೇ ಬಯಲಿಗೆಳೆಯಿತು.

ರೋಮನ್ನರೂ ಇದನ್ನೇ ಮಾಡಿದರು, ನಿಧಾನವಾಗಿ. ನೀರೋ ಕ್ರಿ.ಶ. 64ರ ಸುಮಾರಿಗೆ ಬೆಳ್ಳಿಯನ್ನು ಇಳಿಸಲು ಶುರು ಮಾಡಿದ. ಇನ್ನೂರು ವರ್ಷ ಕಳೆದು ಚಕ್ರವರ್ತಿ ಗ್ಯಾಲಿಯೇನಸ್ ಕಾಲಕ್ಕೆ ಬೆಳ್ಳಿ ನಾಣ್ಯ ಎಂಬುದರಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿ ಕೂಡ ಉಳಿದಿರಲಿಲ್ಲ.

ಈಗ ಸಮಸ್ಯೆ ತಿರುಗಿಬಿದ್ದಿದೆ, ಮುಖಬೆಲೆಗಿಂತ ಲೋಹ ದುಬಾರಿ. ಅಮೆರಿಕದ ಸೆಂಟ್ 1982ರಲ್ಲಿ ತಾಮ್ರದಿಂದ ಸತುವಿಗೆ ಬದಲಾಯಿತು, ಮೇಲೆ ತಾಮ್ರದ ಲೇಪ ಮಾತ್ರ. ತೂಕ 3.11 ಗ್ರಾಂನಿಂದ 2.5ಕ್ಕೆ ಇಳಿಯಿತು. ಬ್ರಿಟನ್ 1992ರಲ್ಲಿ ಉಕ್ಕಿಗೆ ತಾಮ್ರ ಬಳಿಯಿತು. ಆದ್ದರಿಂದ ಅಲ್ಲಿನ ಹೊಸ ಪೆನ್ನಿ ಅಯಸ್ಕಾಂತಕ್ಕೆ ಅಂಟುತ್ತದೆ, ಹಳೆಯದು ಅಂಟುವುದಿಲ್ಲ. 2006ರ ಕೊನೆಗೆ ಅಮೆರಿಕ ಸೆಂಟ್, ನಿಕಲ್‌ಗಳನ್ನು ಕರಗಿಸುವುದನ್ನೇ ನಿಷೇಧಿಸಬೇಕಾಯಿತು. ಕೆನಡಾ 2012ರಲ್ಲಿ ಸೆಂಟ್ ಟಂಕಿಸುವುದನ್ನು ನಿಲ್ಲಿಸಿತು. ಅಮೆರಿಕ 2025ರ ನವೆಂಬರ್‌ನಲ್ಲಿ ನಿಲ್ಲಿಸಿತು. ಅಷ್ಟು ಹೊತ್ತಿಗೆ ಒಂದು ಸೆಂಟ್ ಮಾಡಲು ಮೂರೂವರೆ ಸೆಂಟಿಗೂ ಹೆಚ್ಚು ಖರ್ಚಾಗುತ್ತಿತ್ತು. ನನ್ನನ್ನು ಕೇಳಿದರೆ ಇಪ್ಪತ್ತು ವರ್ಷ ಮೊದಲೇ ನಿಲ್ಲಿಸಬೇಕಿತ್ತು.

ನೆನಪು

ಲೋಹಗಾರರೇ, ನಾಣ್ಯ ಎಣಿಸಿದ ಕೈಗೆ ಒಂದು ವಾಸನೆ ಬರುತ್ತದಲ್ಲ, ಅದು ತಾಮ್ರದ್ದೋ ನಿಕಲ್‌ದೋ?

ಲೋಹಗಾರ

ಎರಡರದ್ದೂ ಅಲ್ಲ, ನಿಮ್ಮದೇ. ಲೋಹಕ್ಕೆ ಆವಿಯಾಗಿ ಮೂಗಿಗೆ ಬರುವ ಶಕ್ತಿ ಇಲ್ಲ. ಚರ್ಮದ ಮೇಲಿನ ಎಣ್ಣೆಯಂಶ ಕಬ್ಬಿಣ, ತಾಮ್ರ ತಾಗಿದಾಗ ಒಡೆದು ವಾಸನೆಯ ಅಣುಗಳಾಗುತ್ತದೆ. ಅದರಲ್ಲಿ ಮುಖ್ಯವಾದದ್ದು 1-ಆಕ್ಟೆನ್-3-ಓನ್, ಅಣಬೆಯ ವಾಸನೆಯದು. 2006ರಲ್ಲಿ ಪ್ರಕಟವಾದ ಸಂಶೋಧನೆ ಇದು. ಯಾರೂ ಮುಟ್ಟದ ನಾಣ್ಯಕ್ಕೆ ವಾಸನೆ ಇರುವುದಿಲ್ಲ.

ನೆನಪು

ಹಾಗಾದರೆ ಇಷ್ಟು ದಿನ ಮೂಸಿದ್ದು ನನ್ನ ಕೈಯನ್ನೇ!

ಸರಿ, ನನ್ನ ಪಾಲಿನದು. ಬೋಲ್ಟನ್ನನ ಬಂಡಿಚಕ್ರದ ಪೆನ್ನಿಗಳ ಬಗ್ಗೆ ತುಂಡುಬೆಳ್ಳಿಯವರು ಬರೆದರು. ಅವುಗಳ ಇನ್ನೊಂದು ಬಾಳು ಕೇಳಿ. ಬ್ರಿಟನ್ನಿನಲ್ಲಿ ಶಿಕ್ಷೆಯಾಗಿ ಆಸ್ಟ್ರೇಲಿಯಾಕ್ಕೆ ಗಡೀಪಾರಾಗುವ ಕೈದಿಗಳು ಹಡಗು ಹೊರಡುವ ತನಕ ಸೆರೆಮನೆಯಲ್ಲಿ ಕಾಯುತ್ತಿದ್ದರು. ಏಳು ವರ್ಷ, ಹದಿನಾಲ್ಕು ವರ್ಷ, ಇಲ್ಲವೇ ಜೀವಾವಧಿ. ತಿರುಗಿ ಬರುವವರು ಕಡಿಮೆ. ಅವರ ಕೈಗೆ ಸಿಗುತ್ತಿದ್ದ ದೊಡ್ಡ, ದಪ್ಪ, ಅಗ್ಗದ ಲೋಹದ ತುಂಡು ಎಂದರೆ ಈ ಪೆನ್ನಿ. ಅದರ ಎರಡೂ ಮುಖವನ್ನು ಉಜ್ಜಿ ನುಣುಪು ಮಾಡುತ್ತಿದ್ದರು. ಮೊನಚಾದ ಏನಾದರೂ ಸಿಕ್ಕರೆ ಅದರಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಹೆಸರು, ತಾರೀಕು, ಒಂದು ಹೃದಯ, ‘ಇದನ್ನು ಕಂಡಾಗ ನನ್ನ ನೆನೆ’ ಎಂಬಂಥ ಎರಡು ಸಾಲಿನ ಪ್ರಾಸ ಮೂಡಿಸುತ್ತಿದ್ದರು. ಕೈ ಪಳಗಿದವರ ಕೆತ್ತನೆಯಲ್ಲಿ ಬಳ್ಳಿ, ಹಡಗು, ಕಾಲಿಗೆ ಬೇಡಿ ಹಾಕಿದ ಮನುಷ್ಯ ಎಲ್ಲವೂ ಇರುತ್ತವೆ. ಕೈ ಪಳಗದವರ ಅಕ್ಷರಗಳು ಅಂಚಿನ ಹತ್ತಿರ ಜಾಗ ಸಾಲದೆ ಒತ್ತಿಕೊಂಡು ನಿಂತಿರುತ್ತವೆ. ಹೆಂಡತಿಗೋ ತಾಯಿಗೋ ಕೊಟ್ಟು ಹಡಗು ಹತ್ತುತ್ತಿದ್ದರು. ಆಸ್ಟ್ರೇಲಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಂಥ ಮುನ್ನೂರಕ್ಕೂ ಹೆಚ್ಚು ನಾಣ್ಯಗಳು ಇವೆ.

ಸಂಗ್ರಾಹಕ

ಕಥೆ ಮನಸ್ಸಿಗೆ ತಟ್ಟುವಂಥದ್ದೇ, ನೆನಪು ಅವರೇ. ಆದರೆ ನಾಣ್ಯಶಾಸ್ತ್ರದ ಕಣ್ಣಿಗೆ ಅದು ಹಾಳಾದ ನಾಣ್ಯ. ಅಚ್ಚು ಹೋಗಿದೆ, ಅಕ್ಷರ ಹೋಗಿದೆ, ತೂಕ ಹೋಗಿದೆ. ಅದನ್ನು ಕೆತ್ತನೆಯ ವಸ್ತು ಎನ್ನಿ, ಒಪ್ಪುತ್ತೇನೆ. ನಾಣ್ಯ ಎನ್ನಲಾರೆ. ತೂತು ಕೊರೆದದ್ದು, ಉಂಗುರ ಮಾಡಿದ್ದು, ಎಲ್ಲ ಅದೇ ಸಾಲಿಗೆ ಸೇರುತ್ತವೆ.

ನೆನಪು

ಹೆಬ್ಬೆರಳ ಒರೆತದಿಂದ ಸವೆದರೆ ಸಹಜ, ಅರದಿಂದ ಉಜ್ಜಿದರೆ ಹಾಳು ಎನ್ನುತ್ತೀರಿ. ಸಾವಿರಾರು ಜನರ ಕೈ ಅದನ್ನು ಸವೆಸಬಹುದು, ಒಬ್ಬನ ಕೈ ಸವೆಸಬಾರದು ಎಂಬ ನಿಯಮ ನನಗೆ ಅರ್ಥವಾಗುವುದಿಲ್ಲ.

ತುಂಡುಬೆಳ್ಳಿ

ಸಂಗ್ರಾಹಕರೇ, ಹಾಗಾದರೆ ಸರ್ಕಾರವೇ ತೂತು ಕೊರೆದರೆ? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ ವಸಾಹತಿನಲ್ಲಿ ಚಿಲ್ಲರೆಯ ಬರ. ಗವರ್ನರ್ ಮ್ಯಾಕ್ವಾರಿ 40,000 ಸ್ಪ್ಯಾನಿಷ್ ಡಾಲರ್ ತರಿಸಿದರು. ಬೆಳ್ಳಿ ಬಂದ ಹಡಗಿನಲ್ಲೇ ವಾಪಸು ಹೋಗಬಾರದೆಂದು 1813ರಲ್ಲಿ ಪ್ರತಿ ನಾಣ್ಯದ ನಡುವೆ ತೂತು ಹೊಡೆಸಿದರು. ಹೊರಗಿನ ಬಳೆಗೆ ಐದು ಶಿಲಿಂಗ್, ಒಳಗಿನಿಂದ ಬಿದ್ದ ಬಿಲ್ಲೆಗೆ ಹದಿನೈದು ಪೆನ್ಸ್. ಒಂದು ನಾಣ್ಯ ಎರಡಾಯಿತು, ಹೊರದೇಶದಲ್ಲಿ ಯಾರೂ ತೆಗೆದುಕೊಳ್ಳದಂತೆಯೂ ಆಯಿತು. ಆ ಕೆಲಸ ಮಾಡಿಕೊಟ್ಟ ವಿಲಿಯಂ ಹೆನ್ಶಾಲ್ ಅಲ್ಲಿಗೆ ಬಂದದ್ದೇ ಖೋಟಾ ಕೇಸಿನ ಕೈದಿಯಾಗಿ! ಅನುಭವಸ್ಥನನ್ನೇ ಹುಡುಕಿ ಕೆಲಸ ಕೊಟ್ಟರು.

ಸಂಗ್ರಾಹಕ

ಅದು ಸರ್ಕಾರದ ಆಜ್ಞೆಯಿಂದ ಆದದ್ದು, ಅದರ ಮೇಲೆ ಹೊಸ ಮುದ್ರೆಯೂ ಬಿತ್ತು. ಆದ್ದರಿಂದ ನಾಣ್ಯವೇ.

ಮೂರನೆಯ ಮುಖ

ಹಾಗಾದರೆ ಇದನ್ನು ಯಾವ ಸಾಲಿಗೆ ಸೇರಿಸುತ್ತೀರಿ? ಬ್ರಿಟಿಷ್ ಮ್ಯೂಸಿಯಂನಲ್ಲಿ 1903ರ ಒಂದು ಪೆನ್ನಿ ಇದೆ. ಏಳನೇ ಎಡ್ವರ್ಡ್ ದೊರೆಯ ಮುಖದ ಮೇಲೆ, ಕಿವಿ ಕೆನ್ನೆ ಯಾವುದನ್ನೂ ಲೆಕ್ಕಿಸದೆ, ‘ಮಹಿಳೆಯರಿಗೆ ಮತ’ ಎಂದು ಇಂಗ್ಲಿಷಿನಲ್ಲಿ ಒತ್ತಿದ್ದಾರೆ. ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಉಳಿ, ಬೇರೆ ಬೇರೆ ಸುತ್ತಿಗೆ ಏಟು, ಸಾಲು ಡೊಂಕಾಗಿದೆ. ನಾಣ್ಯ ಕೆಡಿಸುವುದು ಅಪರಾಧ ಎಂದು ಅವರಿಗೆ ಗೊತ್ತಿತ್ತು. ಪೆನ್ನಿಯನ್ನೇ ಆರಿಸಿದ್ದರಲ್ಲಿ ಜಾಣತನವಿದೆ: ಇಷ್ಟು ಕಡಿಮೆ ಬೆಲೆಯ ನಾಣ್ಯವನ್ನು ಹುಡುಕಿ ವಾಪಸು ಪಡೆಯುವ ಗೋಜಿಗೆ ಯಾವ ಬ್ಯಾಂಕೂ ಹೋಗುವುದಿಲ್ಲ. ಕರಪತ್ರವನ್ನು ಹರಿದು ಬಿಸಾಡಬಹುದು. ಪೆನ್ನಿಯನ್ನು ಬಿಸಾಡುವವರು ಯಾರು?

ಮೇಷ್ಟ್ರು

ನಾಣ್ಯವನ್ನು ಯಾರೂ ಎರಡನೇ ಸಲ ನೋಡುವುದಿಲ್ಲ ಎಂಬುದನ್ನು ಗೂಢಚಾರರೂ ನೆಚ್ಚಿದ್ದರು. 1953ರಲ್ಲಿ ಬ್ರೂಕ್ಲಿನ್‌ನಲ್ಲಿ ಪತ್ರಿಕೆಯ ದುಡ್ಡು ವಸೂಲಿ ಮಾಡುತ್ತಿದ್ದ ಹುಡುಗನೊಬ್ಬನ ಕೈಯಿಂದ ನಿಕಲ್ ಜಾರಿ ಬಿದ್ದು ಎರಡು ಹೋಳಾಯಿತು. ಒಳಗೆ ಟೊಳ್ಳು. ಅದರಲ್ಲಿ ಉಗುರಿಗಿಂತ ಚಿಕ್ಕ ಫೋಟೊ, ಫೋಟೊದಲ್ಲಿ ಹತ್ತು ಕಂಬಸಾಲು ಅಂಕಿಗಳು. ನಾಣ್ಯದ ಮೇಲಿನ ಧ್ಯೇಯವಾಕ್ಯದ ‘ಆರ್’ ಅಕ್ಷರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರ ಇತ್ತು. ಸೂಜಿ ಚುಚ್ಚಿದರೆ ನಾಣ್ಯ ತೆರೆದುಕೊಳ್ಳುವ ವ್ಯವಸ್ಥೆ.

ನಾಲ್ಕು ವರ್ಷ ಎಫ್‌ಬಿಐ ತಿಣುಕಾಡಿದರೂ ಸಂಕೇತ ಒಡೆಯಲಿಲ್ಲ. 1957ರಲ್ಲಿ ಹೇಹಾನೆನ್ ಎಂಬ ಸೋವಿಯತ್ ಗೂಢಚಾರ ಪಕ್ಷಾಂತರ ಮಾಡಿ ಬಂದು ಕೀಲಿ ಕೊಟ್ಟ. ಓದಿ ನೋಡಿದರೆ, ಅಮೆರಿಕಕ್ಕೆ ಬಂದಿಳಿದ ಅದೇ ಹೇಹಾನೆನ್‌ಗೆ ಮಾಸ್ಕೋದವರು ಬರೆದ ಸ್ವಾಗತ ಪತ್ರ! ಅದು ಅವನ ಕೈ ಸೇರದೆ ಚಿಲ್ಲರೆಯ ಜೊತೆ ಊರೆಲ್ಲ ಸುತ್ತಿತ್ತು. ಅವನ ಮಾಹಿತಿಯಿಂದ ಸಿಕ್ಕಿಬಿದ್ದವನು ಇನ್ನೊಬ್ಬ ಸೋವಿಯತ್ ಗೂಢಚಾರ ರುಡಾಲ್ಫ್ ಏಬೆಲ್. 1962ರಲ್ಲಿ ಏಬೆಲ್‌ನನ್ನು ಬಿಟ್ಟುಕೊಟ್ಟು ಅಮೆರಿಕ ಪಡೆದುಕೊಂಡದ್ದು ಯು-2 ಬೇಹುಗಾರಿಕೆ ವಿಮಾನದ ಪೈಲಟ್ ಪವರ್ಸ್‌ನನ್ನು. ಆ ಪವರ್ಸ್ ಹಾರಾಟಕ್ಕೆ ಹೊರಡುವಾಗ ಅವನ ಬಳಿಯೂ ಒಂದು ನಾಣ್ಯ ಇತ್ತು: ಒಳಗೆ ವಿಷದ ಸೂಜಿ ಅಡಗಿಸಿದ ಬೆಳ್ಳಿ ಡಾಲರ್.

ಸಂದೇಹಿ

ಇದರ ಬಾಲವನ್ನು ನಾನು ಸೇರಿಸುತ್ತೇನೆ. ಕೆನಡಾ 2004ರಲ್ಲಿ ಯುದ್ಧದಲ್ಲಿ ಮಡಿದವರ ನೆನಪಿಗೆ ಕೆಂಪು ಗಸಗಸೆ ಹೂವು ಮುದ್ರಿಸಿದ ಕ್ವಾರ್ಟರ್ ಹೊರಡಿಸಿತು. ಅಲ್ಲಿಗೆ ಹೋಗಿದ್ದ ಅಮೆರಿಕದ ರಕ್ಷಣಾ ಗುತ್ತಿಗೆದಾರರು ಆ ಬಣ್ಣ, ಅದರ ಮೇಲಿನ ಲೇಪ ನೋಡಿ ಇದು ಬೇಹುಗಾರಿಕೆಯ ಉಪಕರಣ ಎಂದು ವರದಿ ಕೊಟ್ಟರು. ವರದಿಯನ್ನು ಗಂಭೀರವಾಗಿ ತೆಗೆದುಕೊಂಡು ಎಚ್ಚರಿಕೆಯನ್ನೂ ಹೊರಡಿಸಲಾಯಿತು. ಗೂಢಚಾರ ನಾಣ್ಯ ಎದುರಿಗಿದ್ದಾಗ ಯಾರ ಕಣ್ಣಿಗೂ ಬೀಳಲಿಲ್ಲ. ಪಾಪದ ಹೂವಿನ ನಾಣ್ಯ ಸಿಕ್ಕಿಬಿತ್ತು.

ಇರಲಿ, ಇಷ್ಟು ಹೊತ್ತಾದರೂ ಯಾರೂ ಚಿಮ್ಮುವ ಮಾತು ಎತ್ತಿಲ್ಲವಲ್ಲ!

ಮೂರನೆಯ ಮುಖ

ಅದಕ್ಕೇ ಕಾಯುತ್ತಿದ್ದೆ. ರೋಮನ್ ಹುಡುಗರು ‘ತಲೆಯೋ ಹಡಗೋ’ ಎಂದು ಕೂಗುತ್ತಿದ್ದರು, ಅವರ ಹಳೆಯ ಕಂಚಿನ ನಾಣ್ಯದ ಒಂದು ಕಡೆ ದೇವರ ತಲೆ, ಇನ್ನೊಂದು ಕಡೆ ಹಡಗಿನ ಮೂತಿ. 1845ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಇಬ್ಬರು ಜಮೀನುದಾರರಲ್ಲಿ ಒಬ್ಬನಿಗೆ ಹೊಸ ಊರನ್ನು ಬೋಸ್ಟನ್ ಎನ್ನುವ ಆಸೆ, ಇನ್ನೊಬ್ಬನಿಗೆ ಪೋರ್ಟ್‌ಲ್ಯಾಂಡ್ ಎನ್ನುವ ಆಸೆ. 1835ರ ತಾಮ್ರದ ಸೆಂಟ್ ಚಿಮ್ಮಿ ಮೂರರಲ್ಲಿ ಎರಡು ಗೆದ್ದವನ ಮಾತು ನಿಂತಿತು, ಪೋರ್ಟ್‌ಲ್ಯಾಂಡ್ ಆಯಿತು. ರೈಟ್ ಸಹೋದರರಲ್ಲಿ ಮೊದಲು ಹಾರುವವರು ಯಾರೆಂದು 1903ರ ಡಿಸೆಂಬರ್ 14ರಂದು ನಾಣ್ಯ ಚಿಮ್ಮಿದಾಗ ಗೆದ್ದವನು ವಿಲ್ಬರ್. ಅವನ ಪ್ರಯತ್ನ ಕೈಕೊಟ್ಟಿತು. ರಿಪೇರಿ ಮುಗಿಸಿ 17ರಂದು ಹಾರಿದವನು ಸೋತ ಆರ್ವಿಲ್. 1968ರ ಯುರೋಪಿಯನ್ ಫುಟ್‌ಬಾಲ್ ಚಾಂಪಿಯನ್‌ಶಿಪ್ ಸೆಮಿಫೈನಲ್‌ನಲ್ಲಿ ಇಟಲಿ ಮತ್ತು ಸೋವಿಯತ್ ಒಕ್ಕೂಟ ಹೆಚ್ಚುವರಿ ಸಮಯದಲ್ಲೂ ಗೋಲು ಹೊಡೆಯಲಿಲ್ಲ. ನಾಣ್ಯ ಚಿಮ್ಮಿದರು, ಇಟಲಿ ಫೈನಲ್‌ಗೆ ಹೋಗಿ ಕಪ್ಪನ್ನೂ ಗೆದ್ದಿತು. ಸೋವಿಯತ್ ಆಟಗಾರರ ಮುಖ ಹೇಗಿತ್ತೋ!

ಅಂದ ಹಾಗೆ ಚಿಮ್ಮುವುದು ಪೂರ್ತಿ ನಿಷ್ಪಕ್ಷಪಾತ ಅಲ್ಲ. ಯಾವ ಮುಖ ಮೇಲಿಟ್ಟು ಚಿಮ್ಮುತ್ತೇವೋ ಅದೇ ಮುಖ ಮೇಲೆ ಬೀಳುವ ಸಾಧ್ಯತೆ ಕೊಂಚ ಹೆಚ್ಚು ಎಂದು ಗಣಿತಜ್ಞ ಪರ್ಸಿ ಡಯಾಕೊನಿಸ್ ಮತ್ತು ಸಂಗಡಿಗರು 2007ರಲ್ಲಿ ಲೆಕ್ಕ ಹಾಕಿದ್ದರು, ಸುಮಾರು ಶೇ. 51. ಗಾಳಿಯಲ್ಲಿ ನಾಣ್ಯ ಬರೀ ಮಗುಚುವುದಿಲ್ಲ, ಓಲಾಡುತ್ತದೆ ಕೂಡ. ಅದರಿಂದ ಮೊದಲಿನ ಮುಖ ಸ್ವಲ್ಪ ಹೆಚ್ಚು ಹೊತ್ತು ಮೇಲಿರುತ್ತದೆ. 2023ರಲ್ಲಿ ಸಂಶೋಧಕರ ಗುಂಪೊಂದು ಕುಳಿತು 3,50,757 ಸಲ ನಾಣ್ಯ ಚಿಮ್ಮಿ ಬರೆದಿಟ್ಟಿತು. ಬಂದ ಉತ್ತರ ಶೇ. 50.8. ಆದ್ದರಿಂದ ಚಿಮ್ಮುವವನ ಕೈ ಮುಚ್ಚಿರಲಿ, ಕೂಗುವವನಿಗೆ ಮೇಲಿನ ಮುಖ ಕಾಣದಿರಲಿ.

ಸಂದೇಹಿ

ಮೂರೂವರೆ ಲಕ್ಷ ಸಲ! ಹೆಬ್ಬೆರಳಿಗೆ ವಿಮೆ ಮಾಡಿಸಿದ್ದರೋ ಇಲ್ಲವೋ.

ತುಂಡುಬೆಳ್ಳಿ

ನಂಬಿಕೆಯ ವಿಷಯಕ್ಕೆ ಬಂದರೆ ಮರಿಯಾ ಥೆರೇಸಾ ಥಾಲರ್‌ಗೆ ಸರಿಸಾಟಿ ಇಲ್ಲ. ಆಸ್ಟ್ರಿಯಾದ ಈ ರಾಣಿ 1780ರಲ್ಲಿ ತೀರಿಕೊಂಡಳು. ಅವಳ ಮುಖದ ಬೆಳ್ಳಿ ನಾಣ್ಯವನ್ನು ಅರಬ್ ನಾಡು, ಇಥಿಯೋಪಿಯಾದ ವ್ಯಾಪಾರಿಗಳು ಎಷ್ಟು ನೆಚ್ಚಿಕೊಂಡಿದ್ದರೆಂದರೆ, ಬೇರೆ ಯಾವ ನಾಣ್ಯ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಆದ್ದರಿಂದ ಸತ್ತ ರಾಣಿಯ ನಾಣ್ಯವನ್ನು 1780 ಎಂಬ ಅದೇ ಇಸವಿ ಹಾಕಿ ಅಚ್ಚು ಹಾಕುತ್ತಲೇ ಹೋದರು. ವಿಯೆನ್ನಾ ಸಾಲದೆಂದು 1930ರ ದಶಕದಲ್ಲಿ ರೋಮ್, ಲಂಡನ್, ಪ್ಯಾರಿಸ್. ಎರಡನೇ ಮಹಾಯುದ್ಧದಲ್ಲಿ ಮುಂಬಯಿ ಟಂಕಸಾಲೆ ಕೂಡ. ಕೊಳ್ಳುವವರು ರಾಣಿಯ ಭುಜದ ಒಡವೆಯ ಮೇಲಿನ ಮುತ್ತುಗಳನ್ನು ಬೆರಳಿಟ್ಟು ಎಣಿಸುತ್ತಿದ್ದರು, ಒಂಬತ್ತು ಇರಬೇಕು. ಒಂದು ಮುತ್ತು ಕಾಣದಿದ್ದರೆ ನಾಣ್ಯ ವಾಪಸು. ತೂಕ, ಬೆಳ್ಳಿಯ ಗುಣಕ್ಕಿಂತ ಕಣ್ಣಿಗೆ ರೂಢಿಯಾದ ಮುಖ ದೊಡ್ಡ ಖಾತರಿಯಾಯಿತು.

ಮೇಷ್ಟ್ರು

ರೂಢಿಯಾದ ಮುಖದಂತೆ ರೂಢಿಯಾದ ಲಿಪಿಯೂ ಉಂಟು. ಎಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಮರ್ಸಿಯಾದ ದೊರೆ ಆಫಾ ಚಿನ್ನದ ನಾಣ್ಯವೊಂದನ್ನು ಮಾಡಿಸಿದ. ಮಾದರಿ, ಬಾಗ್ದಾದಿನ ಖಲೀಫ ಅಲ್ ಮನ್ಸೂರನ ದಿನಾರ್. ಅರಬ್ಬಿ ಓದಲು ಬಾರದ ಕೆತ್ತನೆಗಾರ ಇಸ್ಲಾಮಿನ ನಂಬಿಕೆಯ ಸಾಲುಗಳನ್ನು, ಹಿಜರಿ 157ನೇ ವರ್ಷವನ್ನು ಹಾಗೆ ಹಾಗೆಯೇ ನಕಲು ಮಾಡಿ, ನಡುವೆ ‘ಆಫಾ ರಾಜ’ ಎಂದು ಲ್ಯಾಟಿನ್ನಿನಲ್ಲಿ ಸೇರಿಸಿದ. ಅರಬ್ಬಿ ನೆಟ್ಟಗೆ ಹಿಡಿದರೆ ದೊರೆಯ ಹೆಸರು ತಲೆಕೆಳಗು! ಆ ನಾಣ್ಯವೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನೆನಪು

ಸತ್ತವರ ಬಾಯಲ್ಲಿ ನಾಣ್ಯ ಇಡುವ ಗ್ರೀಕರ ಪದ್ಧತಿ ಯಾಕೆ ಬಾಯಲ್ಲೇ? ಕೈಯಲ್ಲಿ ಇಡಬಹುದಿತ್ತಲ್ಲ.

ಮೇಷ್ಟ್ರು

ಬದುಕಿದ್ದವರೂ ಅಲ್ಲೇ ಇಟ್ಟುಕೊಳ್ಳುತ್ತಿದ್ದರು. ಅವರ ಉಡುಪಿಗೆ ಜೇಬಿರಲಿಲ್ಲ; ಸಣ್ಣ ಬೆಳ್ಳಿ ನಾಣ್ಯಗಳನ್ನು ಕೆನ್ನೆಯ ಒಳಗೆ ಇಟ್ಟುಕೊಂಡು ಸಂತೆಗೆ ಹೋಗುವುದು ಗ್ರೀಕ್ ಹಾಸ್ಯನಾಟಕಗಳಲ್ಲಿ ಬರುತ್ತದೆ. ಸತ್ತವನನ್ನು ಪಾತಾಳದ ನದಿ ದಾಟಿಸುವ ಅಂಬಿಗ ಕೇರನ್‌ಗೆ ಕೊಡುವ ಒಂದು ಓಬೊಲ್ (ಸಣ್ಣ ಬೆಳ್ಳಿ ನಾಣ್ಯ) ಅದೇ ಜಾಗದಲ್ಲಿ ಇರುವುದು ಸಹಜ.

ಕುತೂಹಲಿ

ಕೇರನ್ ಎಂದರೆ ಪ್ಲೂಟೋದ ದೊಡ್ಡ ಉಪಗ್ರಹದ ಹೆಸರೂ ಹೌದು! 2006ರಲ್ಲಿ ಹೊರಟು 2015ರಲ್ಲಿ ಅದರ ಪಕ್ಕದಲ್ಲೇ ಹಾದುಹೋದ ‘ನ್ಯೂ ಹೊರೈಜನ್ಸ್’ ನೌಕೆಯಲ್ಲಿ ಫ್ಲಾರಿಡಾ ರಾಜ್ಯದ ಒಂದು ಕ್ವಾರ್ಟರ್ ಇದೆ. ಪ್ಲೂಟೋವನ್ನು ಕಂಡುಹಿಡಿದ ಕ್ಲೈಡ್ ಟಾಂಬೋ ಅವರ ಚಿತಾಭಸ್ಮದ ಒಂದಂಶವೂ ಅದೇ ನೌಕೆಯಲ್ಲಿದೆ. ದಾಟಿಸುವ ಕೂಲಿ ಸರಿಹೋಯಿತು.

ಅಂಚುಗೆರೆ

ದೋಣಿಯ ಮಾತಿಗೆ ಇನ್ನೊಂದು. 1962ರಲ್ಲಿ ಲಂಡನ್ನಿನ ಥೇಮ್ಸ್ ಕೆಸರಿನಲ್ಲಿ ಎರಡನೇ ಶತಮಾನದ ರೋಮನ್ ಕಾಲದ ಹಡಗು ಸಿಕ್ಕಿತು. ಹಡಗಿನ ಅಡಿಯಲ್ಲಿ ಕೂವೆಮರ ಕೂರುವ ಕುಳಿಯೊಳಗೆ ಚಕ್ರವರ್ತಿ ಡೊಮಿಷಿಯನ್ನನ ಕಂಚಿನ ನಾಣ್ಯ. ಅದೃಷ್ಟದೇವತೆ ಫಾರ್ಚುನಾ ಚುಕ್ಕಾಣಿ ಹಿಡಿದು ನಿಂತಿರುವ ಮುಖವನ್ನೇ ಮೇಲೆ ಮಾಡಿ ಇಟ್ಟಿದ್ದಾರೆ. ಇಟ್ಟ ಕಾಲಕ್ಕೇ ಅದು ಸವಕಲು. ಬಡಗಿ ಹೊಳೆಯುವ ನಾಣ್ಯ ಹುಡುಕದೆ, ದೇವತೆಯ ಚಿತ್ರ ಹುಡುಕಿದ್ದಾನೆ. ಹೊಸ ಹಡಗು ಕಟ್ಟುವಾಗ ಬುಡದಲ್ಲಿ ನಾಣ್ಯ ಇಡುವ ಪದ್ಧತಿ ಈಗಲೂ ಅನೇಕ ದೇಶಗಳಲ್ಲಿ ಇದೆ.

ಹರಕೆಯ ನಾಣ್ಯಗಳಿಂದ ಒಳಿತೇ ಆಗುತ್ತದೆ ಎನ್ನಲಾಗದು. ಸ್ಕಾಟ್ಲೆಂಡಿನ ಮರೀ ದ್ವೀಪದ ಓಕ್ ಮರಕ್ಕೆ ಜನ ನಾಣ್ಯಗಳನ್ನು ಬಡಿದು ಬಡಿದು ಹುದುಗಿಸಿದರು. 1877ರಲ್ಲಿ ಅಲ್ಲಿಗೆ ಹೋದ ವಿಕ್ಟೋರಿಯಾ ರಾಣಿಯೂ ಒಂದು ಕಾಣಿಕೆ ಸಲ್ಲಿಸಿದಳು. ಮರ ಸತ್ತೇಹೋಯಿತು. ತಾಮ್ರದ ನಂಜು ಏರಿತು ಎನ್ನುತ್ತಾರೆ. ರೋಮಿನ ಟ್ರೆವಿ ಕಾರಂಜಿಯವರು ಜಾಣರು: ಬಿದ್ದ ನಾಣ್ಯಗಳನ್ನು ಆಗಾಗ ಗುಡಿಸಿ ತೆಗೆದು ಬಡವರ ಸಂಸ್ಥೆಗೆ ಕೊಡುತ್ತಾರೆ. ವರ್ಷಕ್ಕೆ ಹತ್ತು ಲಕ್ಷ ಯೂರೋಗೂ ಹೆಚ್ಚು.

ಸಂಗ್ರಾಹಕ

ಮೇಷ್ಟ್ರು ಲಿಪಿಯ ಮಾತು ಎತ್ತಿದ್ದರಿಂದ ಹೇಳುತ್ತೇನೆ. ಅಚ್ಚು ಉಳಿಯಬೇಕು ಎಂದು ನಾನು ಹಟ ಹಿಡಿಯುವುದು ಸುಮ್ಮನೆ ಅಲ್ಲ. 1900ರಲ್ಲಿ ಫ್ರಾನ್ಸಿನಲ್ಲಿ ಡೊಮಿಷಿಯಾನಸ್ ಎಂಬ, ಇತಿಹಾಸದಲ್ಲಿ ಚಕ್ರವರ್ತಿಯಾಗಿ ಎಲ್ಲೂ ಕಾಣದವನ ನಾಣ್ಯ ಸಿಕ್ಕಿತು. ಖೋಟಾ ಎಂದು ಮೂಲೆಗೆ ತಳ್ಳಿದರು. 2003ರಲ್ಲಿ ಆಕ್ಸ್‌ಫರ್ಡ್ ಹತ್ತಿರದ ಚಾಲ್‌ಗ್ರೋವ್‌ನಲ್ಲಿ ಒಂದು ಮಡಕೆಯಲ್ಲಿ ಅಂಟಿಕೊಂಡ ಸುಮಾರು ಐದು ಸಾವಿರ ನಾಣ್ಯ ಸಿಕ್ಕವು. ಬಿಡಿಸಿ ನೋಡುವಾಗ ಅದೇ ಮುಖ, ಅದೇ ಹೆಸರು. ಎರಡೂ ಒಂದೇ ಜೋಡಿ ಅಚ್ಚಿನಿಂದ ಬಂದವು ಎಂದು ಅಕ್ಷರಗಳ ವಾಲು, ಗಡ್ಡದ ಗೆರೆ ಹೋಲಿಸಿ ಖಚಿತ ಮಾಡಿದರು. ಕ್ರಿ.ಶ. 271ರ ಸುಮಾರಿಗೆ ಕೆಲವೇ ದಿನ ಗದ್ದುಗೆಯಲ್ಲಿ ಕೂತ ಒಬ್ಬ ಮನುಷ್ಯನಿಗೆ ಆ ಎರಡು ನಾಣ್ಯಗಳೇ ಗತಿ. ಯಾರಾದರೂ ಅದರಲ್ಲೊಂದನ್ನು ಉಜ್ಜಿ ಹೃದಯ ಕೆತ್ತಿದ್ದರೆ?

ನಮ್ಮ ಉಪಖಂಡದ ಇಂಡೋ-ಗ್ರೀಕ್ ಅರಸರಲ್ಲಿ ಹೆಚ್ಚಿನವರು ಗೊತ್ತಿರುವುದೂ ನಾಣ್ಯಗಳಿಂದಲೇ. ಒಂದು ಕಡೆ ಗ್ರೀಕ್, ಇನ್ನೊಂದು ಕಡೆ ಖರೋಷ್ಠಿ ಎಂಬ ಪ್ರಾಚೀನ ಲಿಪಿ. ಹೆಸರಿಗೆ ಹೆಸರು ಹೊಂದಿಸಿ ಖರೋಷ್ಠಿಯನ್ನು ಓದಿದವರಲ್ಲಿ ಮುಖ್ಯನಾದ ಜೇಮ್ಸ್ ಪ್ರಿನ್ಸೆಪ್ ಬನಾರಸ್, ಕಲ್ಕತ್ತಾ ಟಂಕಸಾಲೆಗಳಲ್ಲಿ ಲೋಹ ಪರೀಕ್ಷಕನಾಗಿದ್ದವನು.

ನೆನಪು

ಒಪ್ಪಿದೆ, ಎರಡೇ ಇರುವ ನಾಣ್ಯವನ್ನು ಯಾರೂ ಉಜ್ಜಬಾರದು. ಬೋಲ್ಟನ್ ಲಕ್ಷಗಟ್ಟಲೆ ಅಚ್ಚು ಹಾಕಿದ ಪೆನ್ನಿಯಲ್ಲಿ ಒಂದು ಕೈದಿಗೆ ಸಿಕ್ಕಿತು ಎಂದು ನೀವು ಮುಖ ಸಿಂಡರಿಸುವುದಕ್ಕೆ ಮಾತ್ರ ನನ್ನ ತಕರಾರು. ಉಳಿದ ಪೆನ್ನಿಗಳು ದೊರೆಯ ಹೆಸರು ಹೇಳುತ್ತವೆ. ಇವು ದಾಖಲೆಯಲ್ಲಿ ಒಂದು ಸಾಲಾಗಿ ಉಳಿದವರ ಹೆಸರು ಹೇಳುತ್ತವೆ.

ಸಂಗ್ರಾಹಕ

ಮುಖ ಸಿಂಡರಿಸಲಿಲ್ಲ. ನನ್ನ ಆಲ್ಬಮ್ಮಿನಲ್ಲಿ ಜಾಗ ಕೊಡುವುದಿಲ್ಲ ಎಂದೆ, ಅಷ್ಟೇ. ಕಂಡರೆ ನಿಂತು ನೋಡುತ್ತೇನೆ.

ಸಂದೇಹಿ

ಒಂದು ವ್ಯಾವಹಾರಿಕ ಪ್ರಶ್ನೆ. ಹಳೆಯ ತಾಮ್ರದ ನಾಣ್ಯಗಳು ಕಪ್ಪಾಗಿವೆ, ಕೆಲವಕ್ಕೆ ಹಸಿರು ಅಂಟು ಹತ್ತಿದೆ. ಹುಳಿ ಹಾಕಿ ತಿಕ್ಕಬಹುದೇ?

ಸಂಗ್ರಾಹಕ

ಬೇಡವೇ ಬೇಡ. ಆ ಕಪ್ಪು ಪದರವೇ ಒಳಗಿನ ಲೋಹಕ್ಕೆ ಕಾವಲು. ಹುಳಿ ಅದನ್ನು ತಿಂದರೆ ಜೊತೆಗೆ ಅಚ್ಚಿನ ಸೂಕ್ಷ್ಮ ಗೆರೆಗಳನ್ನೂ ತಿನ್ನುತ್ತದೆ. ಧೂಳಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಉಜ್ಜದೆ ಒಣಗಿಸಿ. ಹಸಿರು ಅಂಟು ಮೆತ್ತಗೆ ಜಿಡ್ಡಾಗಿದ್ದರೆ ಬಹುಶಃ ನೀವು ಇಟ್ಟಿರುವ ಪಿವಿಸಿ ಪ್ಲಾಸ್ಟಿಕ್ ಚೀಲದಿಂದ ಬಂದದ್ದು, ಆ ಚೀಲವನ್ನು ಇವತ್ತೇ ಬದಲಿಸಿ. ಪುಡಿಪುಡಿಯಾಗಿ ಉದುರುತ್ತಿದ್ದರೆ ತುಕ್ಕು ಒಳಗೆ ಇಳಿದಿದೆ, ಬೇರೆ ನಾಣ್ಯಗಳಿಂದ ದೂರ ಇಡಿ. ಯಾವುದು ಎಂದು ತಿಳಿಯಲು ಎರಡೂ ಮುಖದ ಚಿತ್ರ ಹಾಕಿ. ಗಾತ್ರಕ್ಕೆ ಪಕ್ಕದಲ್ಲಿ ಅಳತೆಪಟ್ಟಿ ಇಡಿ.